ಕಣ್ಣು ಮುಚ್ಚುವ ಪಾಠ

ಈ ಊರಿನ ರಸ್ತೆಗಳಲ್ಲಿ ಓಡುವ ಪ್ರತಿ ಮೂರು ಕಾರುಗಳಲ್ಲಿ ಎರಡು ನನ್ನವು. ಕಾಗದಪತ್ರ ಬೇರೆಯವರ ಹೆಸರಿನಲ್ಲಿರಬಹುದು, ಅದು ಸಣ್ಣ ವಿಷಯ. ಸ್ಟೇರಿಂಗ್ ಹಿಡಿದ ಆ ಕೈಗಳನ್ನು ತಿದ್ದಿದವನು ನಾನು. ಹತ್ತೊಂಬತ್ತು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳಿದೆ. ಹನ್ನೊಂದು ಸಾವಿರ ಶಿಷ್ಯರು ಅಂತ ನಾನು ಹೇಳುತ್ತೇನೆ. ಎಣಿಸಿದವರು ಯಾರೂ ಇಲ್ಲವಾದ್ದರಿಂದ ಅಲ್ಲಗಳೆಯುವವರೂ ಇಲ್ಲ. ಕ್ಲಚ್ಚು ಬ್ರೇಕು ಎರಡನ್ನೂ ಒಟ್ಟಿಗೆ ತುಳಿದು ಮಿಕ್ಕಿದ್ದನ್ನು ದೇವರಿಗೆ ಬಿಟ್ಟವರು, ಎಡಕ್ಕೆ ತಿರುಗಿಸಿ ಎಂದರೆ ಬರೀ ಕುತ್ತಿಗೆ ತಿರುಗಿಸಿದವರು, ಹಾರ್ನ್ ಹೊಡೆಯಲು ನಾಚಿಕೊಂಡು, ಗಾಜು ಇಳಿಸಿ, ಎದುರಿನ ಲಾರಿಗೆ ‘ಸ್ವಲ್ಪ ಸರೀತೀರಾ’ ಎಂದು ಕೇಳಿಕೊಂಡ ಒಬ್ಬ ನ್ಯಾಯಾಧೀಶರು, ಎಲ್ಲರೂ ನನ್ನ ಕೈಯಲ್ಲಿ ಪಾಸಾದವರೇ.

ಬೇರೆ ಮೇಷ್ಟ್ರುಗಳಿಗೂ ನನಗೂ ಇದ್ದ ವ್ಯತ್ಯಾಸ ಒಂದೇ. ಕಣ್ಣು ಮುಚ್ಚುವ ಪಾಠ. ಅದು ನನ್ನ ಸ್ವಂತ ಆವಿಷ್ಕಾರ. ಯಾವ ದೇಶದ ಯಾವ ಪುಸ್ತಕದಲ್ಲೂ ಇಲ್ಲ. ಕೊನೆಯ ದಿನ ಶಿಷ್ಯ ದೊಡ್ಡ ರಸ್ತೆಗೆ ಬಂದು ಮೂರನೇ ಗೇರಿಗೆ ಹಾಕಿದ ಕೂಡಲೇ ನಾನು ಪಕ್ಕದ ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದೆ. ಅನುಕೂಲವಿದ್ದರೆ ಒಂದು ಸಣ್ಣ ಗೊರಕೆ. ಅವನು ಮೊದಲು ‘ಸಾರ್’ ಎನ್ನುತ್ತಿದ್ದ. ಆಮೇಲೆ ‘ಸಾರ್, ಸಾರ್’. ಆಮೇಲೆ ಸುಮ್ಮನಾಗುತ್ತಿದ್ದ. ಆ ಮೌನದಲ್ಲೇ ಮನುಷ್ಯ ಡ್ರೈವರ್ ಆಗುವುದು. ಹತ್ತು ನಿಮಿಷ ಬಿಟ್ಟು ನಾನು ಕಣ್ಣು ತೆರೆದರೆ ಅವನ ಮುಖದಲ್ಲಿ ಒಂದು ರಾಜ್ಯ ಗೆದ್ದುಬಂದ ಕಳೆ. ಹಾಗಂತ ನಾನೇನು ಜೀವ ಬೇಡವಾದವನಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಣ್ಣು ಮುಚ್ಚಿದ್ದರೂ ನನ್ನ ಕಾಲು ಅದರ ಮೇಲೆ ಬೆರಳಗಲದ ಎತ್ತರದಲ್ಲಿ ತೇಲುತ್ತಿತ್ತು, ರೆಪ್ಪೆಯ ಸಂದಿಯಲ್ಲಿ ಅರ್ಧ ರಸ್ತೆ ಕಾಣುತ್ತಿತ್ತು. ಶಿಷ್ಯನಿಗೆ ಅದು ಗೊತ್ತಿದ್ದರೂ ಆ ಹೊತ್ತಿಗೆ ಮರೆತಿರುತ್ತಿದ್ದ.

ಲೈಸೆನ್ಸ್ ನವೀಕರಣಕ್ಕೆಂದು ಕಣ್ಣಿನ ಪರೀಕ್ಷೆ ಬಂತು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಕೆಳಗಿನ ನಾಲ್ಕು ಸಾಲನ್ನು ಓದಲು ನಾನು ಇಷ್ಟಪಡಲಿಲ್ಲ. ಡಾಕ್ಟರು ಅದನ್ನೇ ದೊಡ್ಡದು ಮಾಡಿದರು. ಹೀಗೆ ನಾನು ಸ್ವಂತ ಇಚ್ಛೆಯಿಂದ ಡ್ರೈವಿಂಗ್ ಸ್ಕೂಲು ಬಿಟ್ಟೆ.

ಕಾರು ಕಲಿಸಿದವನಿಗೆ ಬದುಕು ಕಲಿಸುವುದು ಎಷ್ಟರ ಮಾತು? ಕಂಪ್ಯೂಟರಿನಲ್ಲೇ ಕೂತು ಮೂರು ವಾರಾಂತ್ಯದ ಲೈಫ್ ಕೋಚ್ ಕೋರ್ಸು ಮುಗಿಸಿದೆ. ಸರ್ಟಿಫಿಕೇಟಿಗೆ ಚಿನ್ನದ ಬಣ್ಣದ ಅಂಚು. ಪೇಟೆ ಬೀದಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಕೋಣೆ ಹಿಡಿದೆ. ಎರಡು ಕುರ್ಚಿ, ಒಂದು ಮೇಜು, ಮರದ ನೆಲ, ಕಿಟಕಿಯಾಚೆ ಎದುರು ಕಟ್ಟಡದ ಏಸಿ ಯಂತ್ರಗಳ ಬೆನ್ನು. ಕೆಳಗೆ ಅವನು ಕೀಲಿ ಉಜ್ಜಲು ಶುರುಮಾಡಿದರೆ ಮೇಲೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ನನ್ನ ಹೆಂಡತಿ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಮಕ್ಕಳ ವರ್ಗಾವಣೆ ಪತ್ರ ಬರೆದು ಬರೆದು ಯಾರು ಎಲ್ಲಿಗೆ ಹೋದರೂ ಬೇಸರವಾಗದ ಗಟ್ಟಿ ಹೆಂಗಸು. ಬೋರ್ಡು ಬರೆಸಿದ ದಿನ ಕೇಳಿದಳು:

“ಲೈಫ್ ಕೋಚ್ ಅಂದ್ರೆ ಏನ್ ಮಾಡೋದು?”

“ಜನಕ್ಕೆ ಏನ್ ಬೇಕೋ ಅದನ್ನ ಅವರ ಬಾಯಿಂದಾನೇ ಹೇಳಿಸೋದು.”

“ಇಪ್ಪತ್ತಾರು ವರ್ಷದಿಂದ ನಂಗೇನ್ ಬೇಕು ಅಂತ ನನ್ನ ಬಾಯಿಂದಾನೇ ಹೇಳ್ತಿದೀನಿ. ಅದನ್ನ ಕೇಳಿಸ್ಕೊಳ್ಳೋಕೆ ಬೋರ್ಡ್ ಬೇಕಿತ್ತಾ ನಿಮಗೆ?”

“ಇದು ಬೇರೆ ಕಣೇ. ಇದು ವೃತ್ತಿ.”

“ಆಯ್ತಪ್ಪ. ಪರೀಕ್ಷೆ ಮುಗಿದು ಶಾಲೆಗೆ ರಜ ಕೊಡೋ ತನಕ ನೋಡ್ತೀನಿ. ಆಮೇಲೆ ನಮ್ಮ ಸ್ಕೂಲ್ ಗೇಟ್ ಹತ್ರ ಕುರ್ಚಿ ಖಾಲಿ ಆಗುತ್ತೆ. ಯೂನಿಫಾರ್ಮ್ ಅವರೇ ಕೊಡ್ತಾರೆ. ಟೋಪಿನೂ.”

ಎರಡು ತಿಂಗಳು ಯಾರೂ ಬರಲಿಲ್ಲ. ಬಂದ ಮೂವರಲ್ಲಿ ಇಬ್ಬರಿಗೆ ಬೀಗದ ಕೈ ಬೇಕಿತ್ತು, ಒಬ್ಬನಿಗೆ ಶೌಚಾಲಯ. ಬೀಗದವನು ದಿನಾ ನಾನು ಮೆಟ್ಟಿಲು ಹತ್ತುವುದನ್ನೇ ಕಾಯುತ್ತಿದ್ದ.

“ಏನ್ ಸಾರ್, ಇವತ್ತೂ ನೀವೊಬ್ರೇನಾ?”

“ಇವತ್ತು ನಾಲ್ಕು ಅಪಾಯಿಂಟ್‌ಮೆಂಟ್ ಇದೆ ಕಣಯ್ಯ.”

“ಹಾಗಾದ್ರೆ ಅವರೆಲ್ಲ ಗೋಡೆ ಹತ್ತಿ ಬರ್ತಾರೇನೋ. ಮೆಟ್ಟಿಲು ಇರೋದು ನನ್ನ ಕಣ್ಣೆದುರಿಗೇ.”

ಶಾಲೆಗೆ ರಜ ಬರಲು ಹತ್ತಿರ ಹತ್ತಿರ ಮೂರು ತಿಂಗಳಿರುವಾಗ, ಒಂದು ಮಂಗಳವಾರ ಮಧ್ಯಾಹ್ನ, ನಿಜವಾಗಿಯೂ ನನ್ನನ್ನೇ ಹುಡುಕಿಕೊಂಡು ಒಬ್ಬರು ಬಂದರು. ನಲವತ್ತೇಳರ ಹೆಂಗಸು. ಬೆರಳ ತುದಿಯಲ್ಲಿ ಗುಲಾಬಿ ಬಣ್ಣದ ಮೇಣ ಅಂಟಿತ್ತು. ಕೂತವರು ನನ್ನ ಮುಖ ನೋಡಲಿಲ್ಲ, ಬಾಯಿ ನೋಡಿದರು.

“ಮೇಲ್ಗಡೆ, ಎಡಕ್ಕೆ ಮೂರನೇದು ನಂದೇ,” ಎಂದರು.

ಹೌದು, ಆ ಹಲ್ಲು ಕಟ್ಟಿಸಿದ್ದು. ಹಿಂದಿನ ಬೀದಿಯ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಐದು ವರ್ಷದ ಹಿಂದೆ ಹಾಕಿಸಿಕೊಂಡಿದ್ದೆ. ಆ ಕ್ಲಿನಿಕ್ಕಿನ ಹಿಂಭಾಗದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತು ಕಟ್ಟುಹಲ್ಲು ಮಾಡುವವರು ಇವರೇ. ಮೂರರಲ್ಲಿ ಎರಡು ಕಾರು ನನ್ನವಾದರೆ ಅರ್ಧ ಊರಿನ ನಗು ಅವರದು. ನನ್ನ ಸರಿಸಮಾನರು ಒಬ್ಬರು ಸಿಕ್ಕರೆಂದು ನನಗೆ ಖುಷಿಯಾಯಿತು. ಮನಸ್ಸಿನಲ್ಲೇ ಅವರಿಗೆ ಹಲ್ಲಕ್ಕ ಎಂದು ಹೆಸರಿಟ್ಟೆ.

“ನಂಗೆ ಜಾಸ್ತಿ ಏನೂ ಬೇಡ ಸಾರ್,” ಎಂದರು ಹಲ್ಲಕ್ಕ. “ಒಂದೇ ಒಂದು ಮಾತು ಹೇಳೋದು ಕಲಿಸಿಕೊಡಿ. ‘ಆಗಲ್ಲ’ ಅನ್ನೋದು.”

“ಯಾರಿಗೆ ಹೇಳ್ಬೇಕು?”

“ನಮ್ಮಣ್ಣನಿಗೆ.”

ಅಣ್ಣ ಇರುವುದು ಬಸ್ಸಿನಲ್ಲಿ ಏಳು ಗಂಟೆ ದೂರದ ಇನ್ನೊಂದು ಊರಿನಲ್ಲಿ. ಅತ್ತಿಗೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಕೆಲಸ ಬಿಟ್ಟು ಬಂದು ನಮ್ಮ ಜೊತೆ ಇದ್ದುಬಿಡು ಎಂದು ಅಣ್ಣ ಕರೆಯುತ್ತಿದ್ದ. ಹಲ್ಲಕ್ಕನಿಗೆ ಹೋಗಲು ಇಷ್ಟವಿಲ್ಲ. ಕ್ಲಿನಿಕ್ಕಿನ ಡಾಕ್ಟರು ಆಗಲೇ ಹಲ್ಲು ಮಾಡುವ ಹೊಸ ಯಂತ್ರದ ಚಿತ್ರಗಳನ್ನು ನೋಡುತ್ತಿದ್ದರು. ಇವರು ಮೇಜು ಬಿಟ್ಟ ದಿನ ಯಂತ್ರ ಬಂದು ಅಲ್ಲಿ ಕೂರುತ್ತದೆ, ಮತ್ತೆ ಆ ಮೇಜು ಇವರಿಗಿಲ್ಲ. ಯಾವ ಊರಿನಲ್ಲೂ ಇಲ್ಲ. ಕೈಯಲ್ಲಿ ಹಲ್ಲು ತಿದ್ದುವವರು ಈಗ ಯಾರಿಗೂ ಬೇಕಿಲ್ಲ.

“ಹೋದ್ರೆ ಹೋದ ಹಾಗೇನೇ ಸಾರ್. ವಾಪಸ್ ಬರೋಕೆ ಜಾಗ ಇರಲ್ಲ.”

“ಅಣ್ಣ ಜೋರಾ? ಬೈತಾರಾ?”

“ಬೈದಿದ್ರೆ ಯಾವತ್ತೋ ತಿರುಗಿಸಿ ಬೈದು ಬಿಡ್ತಿದ್ದೆ. ಅಪ್ಪ ಹೋದಾಗ ನಂಗೆ ಒಂಬತ್ತು, ಅವನಿಗೆ ಹತ್ತೊಂಬತ್ತು. ಕಾಲೇಜು ಬಿಟ್ಟು ಟೆಂಪೋ ಓಡಿಸ್ದ. ನಾನು ಉಂಡ ಮೇಲೇನೇ ಅವನು ತಟ್ಟೆ ಹಾಕ್ಕೊತಿದ್ದಿದ್ದು. ಬೈಯಲ್ಲ ಸಾರ್ ಅವನು. ಅಳ್ತಾನೆ.”

ನಾನು ಎದೆ ತಟ್ಟಿ ಹೇಳಿದೆ: “ಎಂಟು ಸಿಟ್ಟಿಂಗ್. ಎಂಟನೇದು ಮುಗಿಯೋ ಹೊತ್ತಿಗೆ ನೀವು ಸೂರ್ಯನಿಗೂ ಹುಟ್ಟಬೇಡ ಅಂತೀರ, ಅವನು ಮೋಡದ ಹಿಂದೆ ಹೋಗಿ ಕೂರ್ತಾನೆ.”

“ಸೂರ್ಯ ಬೇಡ ಸಾರ್. ಅಣ್ಣ ಸಾಕು.”

ಪಾಠ ಶುರುವಾಯಿತು. ನಾನು ಅಣ್ಣನಾಗುತ್ತಿದ್ದೆ. ಹೆಗಲ ಮೇಲೆ ಕರವಸ್ತ್ರ ಹಾಕಿಕೊಂಡು, ದನಿ ಒಡೆದುಕೊಂಡು, “ನೀನಲ್ದೆ ನಂಗ್ಯಾರಿದಾರಮ್ಮ” ಎನ್ನುತ್ತಿದ್ದೆ. ನನ್ನ ಅಭಿನಯ ಹೇಗಿತ್ತೆಂದರೆ ಒಂದು ದಿನ ಕೆಳಗೆ ಕೀಲಿ ಉಜ್ಜುತ್ತಿದ್ದ ಬೀಗದವನು ಕೆಲಸ ನಿಲ್ಲಿಸಿ ಕಣ್ಣೊರೆಸಿಕೊಂಡ. ಕಬ್ಬಿಣದ ಪುಡಿ ಬಿತ್ತು ಅಂತ ಆಮೇಲೆ ಸುಳ್ಳು ಹೇಳಿದ. ಹಲ್ಲಕ್ಕ ಮೊದಲ ದಿನ ‘ಆಗಲ್ಲ’ ಎನ್ನುವುದಕ್ಕೆ ಬದಲಾಗಿ ಹದಿನೇಳು ಬಗೆಯ ಮಾತು ಹೇಳಿದರು. ನೋಡೋಣ ಅಣ್ಣ. ಯೋಚನೆ ಮಾಡ್ತೀನಿ ಅಣ್ಣ. ಈ ತಿಂಗಳು ಬೇಡ ಅಲ್ವಾ ಅಣ್ಣ. ನೀನು ಊಟ ಮಾಡಿದ್ಯಾ ಅಣ್ಣ. ಎರಡನೇ ವಾರ ಹದಿನೇಳು ಹನ್ನೊಂದಾಯಿತು. ಮೂರನೇ ವಾರ ಮೊದಲ ಸಲ ಆ ಮಾತು ಹೊರಗೆ ಬಂತು, ಮೀನಿನ ಮುಳ್ಳು ಗಂಟಲಿಂದ ಬಂದ ಹಾಗೆ.

ಅವರು ಪ್ರತಿಸಲವೂ ಮಾತಿನ ಅಂಚಿಗೆ ಬಂದು ನಿಲ್ಲುತ್ತಿದ್ದರು. ತುಟಿ ತೆರೆದಿರುತ್ತಿತ್ತು, ಉಸಿರು ಒಳಗೇ ಇರುತ್ತಿತ್ತು. ಆಗ ಮೇಜಿನ ಕೆಳಗೆ ನನ್ನ ಕಾಲು ತನ್ನಷ್ಟಕ್ಕೆ ತಾನೇ ಮರದ ನೆಲವನ್ನು ಒಮ್ಮೆ ಒತ್ತುತ್ತಿತ್ತು, ಟಕ್ ಅಂತ. ಹತ್ತೊಂಬತ್ತು ವರ್ಷದ ಅಭ್ಯಾಸ ಅದು. ಎದುರಿಗಿದ್ದವರು ತಡವರಿಸಿದರೆ ಕಾಲು ಸುಮ್ಮನಿರುವುದಿಲ್ಲ. ಆ ಸದ್ದಾದ ಕೂಡಲೇ ಅವರು “ಆಗಲ್ಲ ಅಣ್ಣ” ಎನ್ನುತ್ತಿದ್ದರು. ನಾನು ಇದನ್ನು ಗಮನಿಸಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾತು ಬಂತಲ್ಲ, ಅಷ್ಟು ಸಾಕಾಗಿತ್ತು.

ಅವರು ಬರುಬರುತ್ತಾ ಬೇರೆಯೇ ಆದರು. ತಾವು ಮಾಡಿದ ಹಲ್ಲಿನ ಸೆಟ್ಟೊಂದನ್ನು ಡಬ್ಬಿಯಲ್ಲಿಟ್ಟು ತಂದು ತೋರಿಸಿದರು. ಮುಂಬದಿಯ ಒಂದು ಹಲ್ಲನ್ನು ಬೇಕಂತಲೇ ಕೂದಲೆಳೆಯಷ್ಟು ವಾರೆ ಕೂರಿಸಿದ್ದರು.

“ಎಲ್ಲಾ ನೆಟ್ಟಗಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ ಸಾರ್. ಮಷೀನು ನೆಟ್ಟಗೆ ಮಾಡುತ್ತೆ. ವಾರೆ ಮಾಡೋಕೆ ನಾನೇ ಬೇಕು.”

ಹಾಗೆಂದು ನಕ್ಕರು. ಅಂಥ ನಗು ಅವರ ಮುಖದಲ್ಲಿ ನಾನು ಅದೊಂದೇ ದಿನ ಕಂಡದ್ದು.

ಎಂಟನೇ ಸಿಟ್ಟಿಂಗು ಮುಗಿದದ್ದು ಶನಿವಾರ. ಮುಂದಿನ ಭಾನುವಾರ ಅಣ್ಣ ವ್ಯಾನು ತೆಗೆದುಕೊಂಡು ಬರುವವನಿದ್ದ. ಅದಕ್ಕೆ ಮುಂಚೆ, ಗುರುವಾರ ರಾತ್ರಿಯೊಳಗೆ ಫೋನಿನಲ್ಲಿ ಹೇಳಿಬಿಡಬೇಕು ಎಂದು ತೀರ್ಮಾನವಾಯಿತು. ಹಲ್ಲಕ್ಕ ಮೆಟ್ಟಿಲ ಬಳಿ ನಿಂತು, “ಬುಧವಾರ ಒಂದ್ಸಲ ಫೋನ್ ಮಾಡ್ಲಾ ಸಾರ್, ಧೈರ್ಯಕ್ಕೆ?” ಎಂದರು. “ಧಾರಾಳವಾಗಿ,” ಎಂದೆ.

ಹಾಗೆಂದವನು ಮನೆಗೆ ಹೋಗಿ ಫೋನಿನ ಉಸಿರು ನಿಲ್ಲಿಸಿ ಡ್ರಾಯರಿನಲ್ಲಿಟ್ಟೆ. ಕಣ್ಣು ಮುಚ್ಚುವ ಪಾಠ. ಮೇಷ್ಟ್ರಿದ್ದಾರೆ ಎಂದುಕೊಂಡಿರುವ ತನಕ ಶಿಷ್ಯ ಡ್ರೈವರ್ ಆಗುವುದಿಲ್ಲ. ಒಂದು ವಾರ ನಾನು ಸಿಗಬಾರದು. ಅವರು ಮೊದಲು ‘ಸಾರ್’ ಎನ್ನಬೇಕು, ಆಮೇಲೆ ‘ಸಾರ್, ಸಾರ್’, ಆಮೇಲೆ ಸುಮ್ಮನಾಗಿ ತಾವೇ ಓಡಿಸಬೇಕು. ಭಾನುವಾರ ಕಳೆದ ಮೇಲೆ ಅವರು ರಾಜ್ಯ ಗೆದ್ದ ಮುಖ ಹೊತ್ತು ಬರುವುದನ್ನೂ, ಅದನ್ನು ನಾನು ಊರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳುವುದನ್ನೂ ಕಂಡುಬಿಟ್ಟಿದ್ದೆ. ಒಂದು ಗೆಲುವು ಬಾಯಿಂದ ಬಾಯಿಗೆ ಹರಡಿದರೆ ನೂರು ಜನ ಬರುತ್ತಾರೆ.

“ಫೋನ್ ಯಾಕೆ ಸತ್ತಿದೆ?” ಎಂದಳು ಹೆಂಡತಿ.

“ಸತ್ತಿಲ್ಲ. ಪಾಠ ನಡೀತಿದೆ.”

“ನಿಮ್ಮ ಪಾಠ ನಡೀಬೇಕಾದ್ರೆ ನೀವು ಇರಬಾರದಾ? ಒಳ್ಳೆ ಮೇಷ್ಟ್ರು.”

ಗುರುವಾರ ಮಧ್ಯಾಹ್ನ ನಾನು ಕೋಣೆಯಲ್ಲಿದ್ದೆ. ಮರೆತು ಬಿಟ್ಟಿದ್ದ ಕೊಡೆ ತೆಗೆದುಕೊಂಡು ಹೋಗಲು ಬಂದು, ಸುಮ್ಮನೆ ಕೂತಿದ್ದೆ. ಬಾಗಿಲು ಒಳಗಿಂದ ಹಾಕಿತ್ತು. ಬೀಗದವನು ಊಟಕ್ಕೆ ಹೋಗಿದ್ದ, ಕೆಳಗೆ ಸದ್ದಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಬಾಗಿಲನ್ನು ಮೂರು ಸಲ ತಟ್ಟಿದ ಸದ್ದು, ಮೆತ್ತಗೆ.

“ಸಾರ್.”

ನಾನು ಉಸಿರು ಹಿಡಿದೆ.

“ಸಾರ್. ಇದೀರಾ ಸಾರ್?”

ನಾನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೆ. ಬಾಗಿಲಿನ ಆಚೆಯಿಂದ ಯಾರೂ ನನ್ನ ಕಣ್ಣು ನೋಡುವ ಹಾಗಿರಲಿಲ್ಲ, ಆದರೂ ಮುಚ್ಚಿಕೊಂಡೆ. ಅವರು ಹೋಗಲಿಲ್ಲ. ಬಟ್ಟೆ ಸರಿದ ಸದ್ದು; ಮೇಲಿನ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಸಣ್ಣ ದನಿಯಲ್ಲಿ, ಪಾಠ ಒಪ್ಪಿಸುವ ಮಗುವಿನ ಹಾಗೆ, ಶುರುಮಾಡಿದರು. “ಅಣ್ಣ, ನಂಗೆ ಬರೋಕೆ ಆಗಲ್ಲ.” ತಡೆದರು. “ಅಣ್ಣ, ಬೇಜಾರ್ ಮಾಡ್ಕೋಬೇಡ. ನಂಗೆ ಬರೋಕೆ ಆಗಲ್ಲ.” ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವುದೊಂದು ಬಾಕಿ. ನೋಡಿ, ತಾನಾಗಿ ಬರುತ್ತಿದೆ. ಮೂರನೇ ಸಲ ಅವರು, “ಅಣ್ಣ, ನಂಗೆ ಬರೋಕೆ” ಎಂದು ಅಂಚಿಗೆ ಬಂದು ನಿಂತರು.

ನಿಂತೇ ಇದ್ದರು. ನಡುವೆ ಇದ್ದದ್ದು ಒಂದು ಹಲಗೆ ಬಾಗಿಲು. ಅವರು ಏನನ್ನು ಕಾಯುತ್ತಿದ್ದಾರೆಂದು ನನ್ನ ಕಾಲಿಗೆ ನನಗಿಂತ ಮೊದಲು ಗೊತ್ತಾಯಿತು. ಅದು ನೆಲದಿಂದ ಎದ್ದಿತು. ನಾನು ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡೆ. ಈಗ ಒತ್ತಿದರೆ ಪಾಠ ಕೆಟ್ಟಿತು ಎಂದುಕೊಂಡೆ. ಕಾರಿನಲ್ಲೂ ಶಿಷ್ಯರು ಇಲ್ಲಿ ಹೀಗೇ ತಡವರಿಸುತ್ತಾರೆ, ಆಮೇಲೆ ಓಡಿಸುತ್ತಾರೆ. ಆದರೆ ಕಾರಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ, ಗಾಡಿ ಹಳ್ಳದ ಕಡೆಗೆ ಹೊರಳಿದರೆ ತುಳಿಯಲು ಕಾಲ ಕೆಳಗೆ ಬ್ರೇಕು ಇರುತ್ತಿತ್ತು. ಇದು ಆ ಹೊತ್ತು ನನಗೆ ಹೊಳೆಯಲಿಲ್ಲ. ಹೊಳೆಯಿತು ಎಂದು ಬರೆದರೆ ನಂಬುವವರಿದ್ದಾರೆ, ಆದರೂ ಬರೆಯುವುದಿಲ್ಲ.

ಬಹಳ ಹೊತ್ತಾದ ಮೇಲೆ ಹೆಜ್ಜೆಗಳು ಇಳಿದುಹೋದವು.

ಸೋಮವಾರ ಬೆಳಿಗ್ಗೆ ಫೋನು ತೆರೆದೆ. ಮಿಸ್ಡ್ ಕಾಲ್ ಸಂದೇಶಗಳು ಸಾಲಾಗಿ ಬಂದವು, ಹಲ್ಲಕ್ಕ ಮೂವತ್ತೊಂದು ಸಲ ಕರೆ ಮಾಡಿದ್ದರು. ಈ ಸಂಖ್ಯೆಯಲ್ಲಿ ನಾನು ಒಂದನ್ನೂ ಸೇರಿಸಿಲ್ಲ. ಕೊನೆಯದು ಗುರುವಾರ ಸಂಜೆ ಏಳಕ್ಕೆ. ಶುಕ್ರವಾರದಿಂದಾಚೆ ಒಂದೂ ಇಲ್ಲ.

ಕ್ಲಿನಿಕ್ಕಿಗೆ ಓಡಿದೆ. ಹಿಂದಿನ ಕೋಣೆಯಲ್ಲಿ ಅವರ ಮೇಜು ಒರೆಸಿಟ್ಟ ಹಾಗಿತ್ತು. ಸಣ್ಣ ಸ್ಪಿರಿಟ್ ದೀಪ, ಮೇಣದ ಹಲಗೆಗಳು, ಹಲ್ಲಿನ ಬಣ್ಣ ಹೋಲಿಸುವ ಪಟ್ಟಿ, ಎಲ್ಲವೂ ಸಾಲಾಗಿ ಜೋಡಿಸಿಟ್ಟಿದ್ದವು. ಪ್ರತಿಯೊಂದರ ಮೇಲೂ ಚೀಟಿ, ಯಾವುದು ಯಾವುದಕ್ಕೆ ಎಂದು. ಯಂತ್ರಕ್ಕೆ ಚೀಟಿ ಓದಲು ಬರುವುದಿಲ್ಲ.

“ಶುಕ್ರವಾರ ಬಂದು ಹೇಳಿದ್ರು, ಹೊರಡ್ತೀನಿ ಅಂತ,” ಎಂದರು ಡಾಕ್ಟರು. “ನಾನು ಕೇಳ್ದೆ, ಇಷ್ಟ ಇದೆಯಾ ಅಂತ. ನೋಡೋಣ ಅಂದ್ರು. ಇನ್ನೇನ್ ನೋಡೋದು, ಹೊರಟಾಯ್ತಲ್ಲ. ತಿಂಗಳ ಕೊನೆಗೆ ಮಷೀನ್ ತರಿಸ್ತಿದೀನಿ.”

ನಾನು ಫೋನು ಮಾಡಿದೆ. ಅವರು ತೆಗೆದರು.

“ಸಾರ್,” ಎಂದರು. “ಹುಷಾರಾಗಿದೀರಾ? ಫೋನ್ ಸಿಗ್ಲಿಲ್ಲ, ಏನಾಯ್ತೋ ಅಂತ ಭಯ ಆಗಿತ್ತು.”

ಏನೂ ಆಗಿಲ್ಲ ಎಂದೆ. ಇನ್ನೇನಾದರೂ ಹೇಳಬೇಕಿತ್ತು, ಅಷ್ಟರಲ್ಲಿ ಆ ಕಡೆ ಯಾರೋ ನರಳಿದ ಸದ್ದಾಯಿತು. “ಬಂದೆ ಅತ್ತಿಗೆ,” ಎಂದರು. ಫೋನಿಟ್ಟರು.

ಹದಿನೈದು ದಿನ ನಾನು ಯಾರ ಬಳಿಯೂ ಏನೂ ಕೊಚ್ಚಿಕೊಳ್ಳಲಿಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯಾ ಅಂತ. ಶಾಲೆಯಲ್ಲಿ ಪರೀಕ್ಷೆ ಮುಗಿಯುತ್ತಾ ಬಂದಿತ್ತು. ಯೂನಿಫಾರ್ಮಿನ ಅಳತೆ ಕೊಡಿ ಎಂದು ಎರಡು ಸಲ ಕೇಳಿದ್ದಳು.

ಆಗ ಅಣ್ಣ ಬಂದ. ತಂಗಿಯ ಬಾಡಿಗೆ ಕೋಣೆಯಲ್ಲಿ ಉಳಿದಿದ್ದ ಸಾಮಾನು ಒಯ್ಯಲು ಬಂದವನು, ಬೀಗದವನನ್ನು ಕೇಳಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಹಳೆ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಅವನನ್ನು ನಾನು ಎಂಟು ವಾರ ಅಭಿನಯಿಸಿದ್ದೆ. ಒಂದಿಷ್ಟೂ ಅವನ ಹಾಗಿರಲಿಲ್ಲ. ಅವನ ಹಿಂದೆಯೇ ಬೀಗದವನೂ ಬಂದು ಬಾಗಿಲಿಗೆ ಒರಗಿ ನಿಂತ.

“ತಂಗಿ ಎಲ್ಲಾ ಹೇಳಿದ್ಲು ಸಾರ್,” ಎಂದ ಅಣ್ಣ. “ಎರಡು ತಿಂಗಳು ನಿಮ್ಮ ಹತ್ರ ಬರ್ತಿದ್ಲಂತೆ. ಮೊದ್ಲು ಅವಳಿಗೆ ಮನಸ್ಸಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು. ಫೋನ್ ಮಾಡಿದ್ರೆ ನೋಡೋಣ ನೋಡೋಣ ಅಂತಿದ್ಲು. ಆ ಗುರುವಾರ ರಾತ್ರಿ ಅವಳೇ ಫೋನ್ ಮಾಡಿ, ಬರ್ತೀನಣ್ಣ ಅಂದ್ಲು. ಇದು ನಿಮ್ಮ ಕೈಗುಣಾನೇ ಅಂತ ನಂಗೆ ಅನ್ನಿಸ್ತು.”

ನಾನು ಬಾಯಿ ತೆರೆದೆ.

“ನಿಜ ಹೇಳ್ಲಾ ಸಾರ್?” ಅವನು ಕುರ್ಚಿಯ ಅಂಚಿಗೆ ಸರಿದ. “ನಾನು ಒಬ್ಬ ನರ್ಸ್‌ನ ಗೊತ್ತು ಮಾಡಿಟ್ಟಿದ್ದೆ. ತಂಗಿಗೆ ಹೇಳಿರ್ಲಿಲ್ಲ. ಅವಳ ಬಾಯಲ್ಲಿ ಒಂದ್ಸಲ ಆಗಲ್ಲ ಅಂತ ಬಂದಿದ್ರೆ ಆ ನರ್ಸ್‌ನೇ ಬರಹೇಳ್ತಿದ್ದೆ. ಅವಳ ಮನಸ್ಸು ನೋಯಿಸಿ ನಂಗೇನ್ ಆಗ್ಬೇಕು. ಈಗ್ಲೂ ಅಷ್ಟೇ. ಇಷ್ಟ ಇಲ್ಲ ಅಂತ ಗೊತ್ತಾದ್ರೆ ನಾಳೇನೇ ವ್ಯಾನ್ ಹತ್ತಿಸಿ ಕಳಿಸ್ತೀನಿ. ಆದ್ರೆ ಅವಳಾಗೇ ಒಪ್ಪಿ ಬಂದಿದಾಳಲ್ಲ, ಅದಕ್ಕೇ ನಂಗೆ ಸಮಾಧಾನ. ನೀವೇ ತಾನೆ ಬುದ್ಧಿ ಹೇಳಿದ್ದು?”

ಯಂತ್ರ ಬರಲು ಇನ್ನೂ ಒಂಬತ್ತು ದಿನವಿತ್ತು. ಹಿಂದಿನ ಬೀದಿಯಲ್ಲಿ ಮೇಜು ಖಾಲಿಯಿತ್ತು, ಚೀಟಿಗಳು ಹಾಗೇ ಇದ್ದವು. ‘ಇಲ್ಲಪ್ಪ, ನಾನು ಕಲಿಸಿದ್ದು ಉಲ್ಟಾ’ ಎಂದರೆ ಆಗುತ್ತಿತ್ತು. ನಾಲ್ಕು ಮಾತು.

“ನಮ್ಮ ಕಡೆಯವರು ಈ ಊರಲ್ಲಿ ಬೇಕಾದಷ್ಟು ಜನ ಇದಾರೆ ಸಾರ್,” ಎಂದ ಅಣ್ಣ. “ಮನೆಮನೇಲೂ ಒಬ್ರು ಹಠ ಹಿಡಿದೋರು ಇದ್ದೇ ಇರ್ತಾರೆ. ಎಲ್ಲರಿಗೂ ನಿಮ್ಮ ಹೆಸರು ಹೇಳ್ತೀನಿ.”

ಬಾಗಿಲಲ್ಲಿ ಬೀಗದವನು ಮೊದಲ ಸಲ ನನ್ನನ್ನು ಮನುಷ್ಯನ ಹಾಗೆ ನೋಡಿದ.

“ಹೌದು,” ಎಂದೆ. “ಸ್ವಲ್ಪ ಕಷ್ಟದ ಕೇಸು. ಬೇರೆ ಯಾರ ಕೈಲೂ ಆಗ್ತಿರ್ಲಿಲ್ಲ. ಮೊದಲ ದಿನ ಬಂದಾಗ ಕಲ್ಲಿನ ಥರ ಇದ್ರು. ಎಂಟೇ ಸಿಟ್ಟಿಂಗಲ್ಲಿ ದಾರಿಗೆ ತಂದೆ.”

ನನ್ನ ಬಾಯಿಗೆ ಅಭ್ಯಾಸ ಅದು. ಯಾರಾದರೂ ಒಂದು ಗೆಲುವನ್ನು ಎದುರಿಗಿಟ್ಟರೆ, ಅದು ಯಾರದೆಂದು ಕೇಳುವ ಮೊದಲೇ ಎತ್ತಿಕೊಳ್ಳುತ್ತದೆ.

ಅಣ್ಣನ ಕಣ್ಣು ತುಂಬಿತು. ತಂಗಿ ಹೇಳಿದ್ದು ಸುಳ್ಳಾಗಿರಲಿಲ್ಲ. ಅವನು ಅಲ್ಲೇ ಫೋನು ತೆಗೆದು ಕರೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. “ಸಾರ್ ಹತ್ರಾನೇ ಕೂತಿದೀನಿ ಕಣಮ್ಮ. ನಿನ್ನ ಮನಸ್ಸು ತಿದ್ದಿದ್ದು ತಾವೇ ಅಂತ ಹೇಳಿದ್ರು. ನೀನೂ ಒಂದು ಥ್ಯಾಂಕ್ಸ್ ಹೇಳು.”

ಆ ಕಡೆ ಏನೂ ಕೇಳಲಿಲ್ಲ. ಕರೆ ಕಡಿದುಹೋಯಿತೇನೋ ಎಂದು ಅಣ್ಣ ಬಗ್ಗಿ ನೋಡಿದ. ಕಡಿದಿರಲಿಲ್ಲ. ಆ ಮೌನ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ತುಟಿ ತೆರೆದಿರುತ್ತದೆ, ಉಸಿರು ಒಳಗೇ ಇರುತ್ತದೆ. ಅಣ್ಣ ಕೇಳಿಸಿಕೊಳ್ಳಲು ಸಿದ್ಧನಾಗಿ ಎದುರಿಗೇ ಕೂತಿದ್ದ. ನನ್ನ ಕಾಲು ಮರದ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಅದು ಏಳಲಿಲ್ಲ.

“ಥ್ಯಾಂಕ್ಸ್ ಸಾರ್,” ಎಂದರು ಹಲ್ಲಕ್ಕ.

“ಒಳ್ಳೇದಾಗ್ಲಿ,” ಎಂದೆ.

ಅಣ್ಣ ಮಾತಿಗೆ ತಪ್ಪುವವನಲ್ಲ. ಮರುವಾರ ಇಬ್ಬರು ಬಂದರು, ಅದರ ಮರುವಾರ ಐವರು. ಒಬ್ಬ ತಂದೆ ಚಿತ್ರ ಬರೆಯುವ ಮಗನನ್ನು ಕರೆತಂದ, ಒಬ್ಬ ಗಂಡ ಸಂಜೆ ಕಾಲೇಜಿಗೆ ಹೋಗುವ ಹೆಂಡತಿಯನ್ನು. ಕರೆತಂದವರು ಮೆಟ್ಟಿಲ ಮೇಲೆ ಕಾಯುತ್ತಾರೆ; ಬೀಗದವನು ಅವರಿಗೆಂದು ಕೆಳಗೆ ಒಂದು ಬೆಂಚು ಹಾಕಿದ್ದಾನೆ, ಕಾಯುವ ಹೊತ್ತಿನಲ್ಲಿ ಎರಡೆರಡು ಕೀಲಿ ಮಾಡಿಸಿಕೊಳ್ಳುತ್ತಾರೆ. ತಿಂಗಳ ಕೊನೆಯಲ್ಲಿ ಹಿಂದಿನ ಬೀದಿಗೆ ದೊಡ್ಡ ಮರದ ಪೆಟ್ಟಿಗೆ ಬಂದು ಇಳಿದದ್ದನ್ನು ನೋಡಿದೆ. ನಾಲ್ಕು ಜನ ಹಿಡಿದು ಒಳಗೆ ಒಯ್ದರು. ಶಾಲೆಯ ಗೇಟಿನ ಕುರ್ಚಿಗೆ ಬೇರೆ ಯಾರೋ ಸಿಕ್ಕರು.

“ಅಂತೂ ನಿಮಗೆ ಜನಕ್ಕೆ ಏನ್ ಬೇಕು ಅಂತ ಗೊತ್ತಾಯ್ತು,” ಎಂದಳು ಹೆಂಡತಿ. ಅವಳು ಮೆಚ್ಚಿ ಹೇಳಿದ ಮಾತುಗಳು ಇಪ್ಪತ್ತಾರು ವರ್ಷದಲ್ಲಿ ಮೂರೋ ನಾಲ್ಕೋ. ಅದರಲ್ಲಿ ಇದೂ ಒಂದು.

ಇವತ್ತು ಬೆಳಿಗ್ಗೆ ಎಪ್ಪತ್ತು ದಾಟಿದ ಒಬ್ಬ ದರ್ಜಿಯಮ್ಮ ಬಂದರು. ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಜಾಸ್ತಿ, ಅದನ್ನು ಕೊಟ್ಟುಬಿಡಲು ಒಪ್ಪಿಸಿ ಎಂದು ಮಗ ಮೊದಲೇ ಫೋನಿನಲ್ಲಿ ಹೇಳಿದ್ದ. ಅವರು ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಕೈಯಿಟ್ಟುಕೊಂಡರು. ಹೆಬ್ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯ ಹಾಗಾಗಿತ್ತು.

“ನಿಮಗೆ ಏನ್ ಬೇಕಮ್ಮ?” ಎಂದು ಕೇಳಿದೆ. ಕೋರ್ಸಿನಲ್ಲಿ ಕಲಿಸಿದ ಮೊದಲ ಪ್ರಶ್ನೆ ಅದು.

“ಅವನು ಹೇಳ್ಲಿಲ್ವಾ?”

“ನಿಮ್ಮ ಬಾಯಿಂದ ಕೇಳೋಣ ಅಂತ.”

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕಡೆ. ನಾನು ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆ​ಯುತ್ತಿದ್ದೆ.

“ಅವನು ಹೇಳಿದ್ದೇ ಬರ್ಕೊಳ್ಳಪ್ಪ,” ಎಂದರು.

ಬರೆದುಕೊಂಡೆ. ಒಟ್ಟು ಆರು ನಿಮಿಷ. ಇಡೀ ಭೂಮಿಯ ಮೇಲೆ ಇಷ್ಟು ಬೇಗ ಒಪ್ಪಿಸಿದ ಕೋಚ್ ಇನ್ನೊಬ್ಬನಿಲ್ಲ. ಮೆಟ್ಟಿಲಿಳಿಯುವಾಗ ಮಗ ಅವರ ತೋಳು ಹಿಡಿದುಕೊಂಡ, ಜಾರಬಾರದು ಅಂತ. ನಾನು ಮುಂದಿನವರನ್ನು ಒಳಗೆ ಕರೆದೆ.